ಎರಡು ಬಾಗಿಲು, ಇಬ್ಬರು ದೇವರು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲು ಮದ್ದೂರು ದಾಟಿ ಮಂಡ್ಯ ಸೇರುವ ಮುಂಚೆ ಹನಕೆರೆ ಸಿಗುತ್ತದೆ. ಕಿಟಕಿಯ ಪಕ್ಕ ಕೂತವರಿಗೆ ಕಬ್ಬಿನ ಗದ್ದೆ, ತೆಂಗಿನ ಸಾಲು ಕಾಣುತ್ತವೆ. ಈ ಸೀಮೆಯ ದೇವರು ಮಾತ್ರ ಹಾಗೆ ಕಾಣುವವನಲ್ಲ. ಅವನನ್ನು ಕಿವಿಯಿಂದ ಕೇಳಬೇಕು. ಮದ್ದೂರು, ಮಳವಳ್ಳಿ, ಕೊಳ್ಳೇಗಾಲದ ಕಡೆ ನೀಲಗಾರರು ತಂಬೂರಿ ಮೀಟುತ್ತ, ಡಕ್ಕೆ, ಗಗ್ಗರ, ತಾಳಗಳ ಜೊತೆ ರಾತ್ರಿಯಿಡೀ ಹಾಡುವ ಆ ದೇವರು ಮಂಟೇಸ್ವಾಮಿ.

ಹಾಡಿನಲ್ಲಿ ಮಂಟೇಸ್ವಾಮಿ ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತಾನೆ. ಅಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ದಿನವೂ ಉಂಡು ತೇಗುತ್ತಿದ್ದಾರೆ. ಇವರಲ್ಲಿ ನಿಜವಾದ ಶರಣರು ಎಷ್ಟು ಮಂದಿ ಎಂದು ನೋಡುವ ಆಸೆ ಸ್ವಾಮಿಗೆ. ಅದಕ್ಕೆ ಅವನು ಹಾಕಿದ ವೇಷ ಎಂಥದು? ಮೈ ತುಂಬ ರೋಗ, ನೊಣ ಮುತ್ತುವ ಗಾಯ, ಹೆಂಡದ ಗಡಿಗೆ, ಸತ್ತ ಕರುವಿನ ಬಾಡು. ಜಂಗಮರು ಮೂಗು ಮುಚ್ಚಿಕೊಂಡು ಬಾಗಿಲಿನಿಂದಲೇ ಅಟ್ಟುತ್ತಾರೆ. ಎಂಜಲೆಲೆ ಬೀಳುವ ತಿಪ್ಪೆಯೇ ಸ್ವಾಮಿಗೆ ಗದ್ದುಗೆಯಾಗುತ್ತದೆ. ಕೊನೆಗೆ ಬಸವಣ್ಣ, ನೀಲಮ್ಮ ಬಂದಿರುವವನು ಯಾರೆಂದು ಅರಿಯುತ್ತಾರೆ. ನಾರುವ ದೇವರನ್ನು ತಾಳಲಾರದ ಜಂಗಮರು ದಿಕ್ಕಾಪಾಲಾಗುತ್ತಾರೆ.

ಇಂಥದೇ ಇನ್ನೊಂದು ಬಾಗಿಲು ಸಾವಿರಾರು ಮೈಲಿ ಆಚೆ, ಐರ್ಲೆಂಡಿನ ಹಳೆಯ ಕಥೆಯಲ್ಲಿದೆ. ತಾರಾ ಎಂಬ ಅರಮನೆಯಲ್ಲಿ ದೇವತೆಗಳ ರಾಜ ನುವಾದ ಔತಣ ನಡೆಸಿದ್ದಾನೆ. ಲೂಗ್ ಎಂಬ ತರುಣ ಬಂದು ಬಾಗಿಲು ತಟ್ಟುತ್ತಾನೆ. ಕಸುಬು ಗೊತ್ತಿಲ್ಲದವನಿಗೆ ಒಳಗೆ ಜಾಗವಿಲ್ಲ ಎನ್ನುತ್ತಾನೆ ಬಾಗಿಲು ಕಾಯುವವನು. ನಾನು ಬಡಗಿ ಎನ್ನುತ್ತಾನೆ ಲೂಗ್. ಬಡಗಿ ಇದ್ದಾನೆ ಎಂಬ ಉತ್ತರ ಬರುತ್ತದೆ. ಕಮ್ಮಾರ ಎಂದರೆ ಕಮ್ಮಾರನೂ ಇದ್ದಾನೆ. ವೀರ, ವೀಣೆಗಾರ, ಕವಿ, ವೈದ್ಯ, ಹೀಗೆ ಯಾವುದನ್ನು ಹೇಳಿದರೂ ಒಳಗೆ ಒಬ್ಬೊಬ್ಬರು ಇದ್ದೇ ಇದ್ದಾರೆ. ಕೊನೆಗೆ ಲೂಗ್ ಕೇಳುತ್ತಾನೆ: ಇಷ್ಟನ್ನೂ ಬಲ್ಲವನು ಒಬ್ಬನೇ ಒಬ್ಬ ನಿಮ್ಮಲ್ಲಿದ್ದಾನೆಯೇ? ಬಾಗಿಲು ತೆರೆಯುತ್ತದೆ. ಶತ್ರುಗಳನ್ನು ಎದುರಿಸಲು ತಕ್ಕವನು ಸಿಕ್ಕನೆಂದು ರಾಜ ಹದಿಮೂರು ದಿನ ತನ್ನ ಪೀಠವನ್ನೇ ಅವನಿಗೆ ಬಿಟ್ಟುಕೊಡುತ್ತಾನೆ.

ಒಬ್ಬ ದೇವರು ಕಸುಬು ತೋರಿಸಿ ಒಳಗೆ ಹೋದ. ಇನ್ನೊಬ್ಬ ಕೊಳಕು ತೋರಿಸಿ, ಒಳಗಿದ್ದವರ ಯೋಗ್ಯತೆಯನ್ನು ಹೊರಗೆ ಹಾಕಿದ. ಎರಡೂ ಕಥೆ ಕೇಳುವುದು ಒಂದೇ ಪ್ರಶ್ನೆ: ಬಾಗಿಲಲ್ಲಿ ನಿಂತವನನ್ನು ನಾವು ಯಾವುದರಿಂದ ಅಳೆಯುತ್ತೇವೆ? ಆದರೆ ಈ ಎರಡು ಕಥೆಗಳು ಇಂದಿನವರ ಕೈಗೆ ಬಂದ ದಾರಿ ಮಾತ್ರ ಒಂದೇ ಅಲ್ಲ.

ಐರ್ಲೆಂಡಿನ ದೇವರುಗಳನ್ನು ಹಾಳೆಗೆ ಇಳಿಸಿದವರು ಆ ದೇವರುಗಳ ಭಕ್ತರಲ್ಲ, ಕ್ರೈಸ್ತ ಮಠಗಳ ಸನ್ಯಾಸಿಗಳು. ಸಾವಿರ ವರ್ಷಗಳ ಹಿಂದೆ ಅವರು ಈ ಕಥೆಗಳನ್ನು ಪ್ರೀತಿಯಿಂದಲೇ ಬರೆದಿಟ್ಟರು. ಆದರೆ ದೇವರುಗಳನ್ನು ದೇವರೆಂದು ಒಪ್ಪುವಂತಿರಲಿಲ್ಲ. ಎಷ್ಟೋ ಕಡೆ ಅವರನ್ನು ಹಿಂದಿನ ಕಾಲದ ರಾಜರೆಂದೋ ಮಂತ್ರವಾದಿಗಳೆಂದೋ ಮಾಡಿದರು. ಲೂಗ್‌ನ ಯುದ್ಧದ ಕಥೆಯ ಹಳೆಯ ರೂಪ ಉಳಿದಿರುವುದು ೧೬ನೇ ಶತಮಾನದ ಒಂದೇ ಒಂದು ಹಸ್ತಪ್ರತಿಯಲ್ಲಿ. ಅದೊಂದು ಗೆದ್ದಲಿನ ಪಾಲಾಗಿದ್ದರೆ ತಾರಾದ ಬಾಗಿಲೂ ಇಲ್ಲ, ಬಾಗಿಲು ತಟ್ಟಿದವನೂ ಇಲ್ಲ.

ಪ್ರತಿ ಉಳಿದರೂ ಓದುವವರು ಬೇಕಲ್ಲ! ಮನೆಯಲ್ಲಿ ಐರಿಷ್ ಆಡುವವನಿಗೂ ಆ ಹಳೆಯ ನುಡಿ ಅರ್ಥವಾಗುತ್ತಿರಲಿಲ್ಲ. ಅದರ ವ್ಯಾಕರಣವನ್ನು ಬಿಡಿಸಿಟ್ಟವರು ಬವೇರಿಯದ ಜೋಹಾನ್ ಕಾಸ್ಪರ್ ಝೊಯ್ಸ್. ಐರಿಷ್ ಸನ್ಯಾಸಿಗಳು ಲ್ಯಾಟಿನ್ ಗ್ರಂಥಗಳ ಅಂಚಿನಲ್ಲಿ ತಮ್ಮ ನುಡಿಯಲ್ಲಿ ಬರೆದುಕೊಂಡ ಚಿಕ್ಕ ಚಿಕ್ಕ ಟಿಪ್ಪಣಿಗಳು ಜರ್ಮನಿ, ಇಟಲಿ, ಸ್ವಿಟ್ಜರ್‌ಲೆಂಡಿನಲ್ಲಿ ಉಳಿದಿದ್ದವು. ಅವನ್ನು ಹಿಡಿದು ಅವರು ೧೮೫೩ರಲ್ಲಿ ದೊಡ್ಡ ವ್ಯಾಕರಣವನ್ನೇ ಪ್ರಕಟಿಸಿದರು. ಒಂದು ನಾಡಿನ ದೇವರ ಮನೆಯ ಬೀಗದ ಕೈ ಪರದೇಶದ ಪುಸ್ತಕಗಳ ಅಂಚಿನಲ್ಲಿ ಸಿಕ್ಕಿತು.

ಆ ಬೀಗದ ಕೈ ಹಿಡಿದವರಲ್ಲಿ ಒಬ್ಬರು ಡಬ್ಲಿನ್ನಿನ ವಿಟ್ಲಿ ಸ್ಟೋಕ್ಸ್. ಇವರಿಗೂ ನಮಗೂ ಒಂದು ನಂಟಿದೆ. ೧೮೬೨ರಲ್ಲಿ ಮದರಾಸಿಗೆ ಬಂದ ಈ ವಕೀಲರು ಮುಂದೆ ಗವರ್ನರ್ ಜನರಲ್‌ರ ಮಂಡಳಿಯ ಕಾನೂನು ಸದಸ್ಯರಾದರು. ಇಂದಿಗೂ ಜಮೀನಿನ ಕ್ರಯ, ಅಡಮಾನಗಳಿಗೆ ಆಧಾರವಾಗಿರುವ ೧೮೮೨ರ ಆಸ್ತಿ ವರ್ಗಾವಣೆ ಕಾಯ್ದೆ ಬಂದದ್ದು ಅವರ ಕಾಲದಲ್ಲೇ. ಹಗಲು ಕಾಯ್ದೆ, ಬಿಡುವಿನಲ್ಲಿ ಹಳೆಯ ಐರಿಷ್. ಕಲ್ಕತ್ತೆಯಲ್ಲೇ ಕೆಲವು ಐರಿಷ್ ಗ್ರಂಥಗಳನ್ನು ಅಚ್ಚು ಹಾಕಿಸಿದ ಅವರು ಸ್ವದೇಶಕ್ಕೆ ಮರಳಿದ ಮೇಲೆ, ೧೮೯೧ರಲ್ಲಿ, ಲೂಗ್‌ನ ಯುದ್ಧದ ಕಥೆಯನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

ಇಲ್ಲೇ ಒಂದು ಎಡವಟ್ಟಾಯಿತು. ಆ ಕಥೆಯಲ್ಲಿ ದಾಗ್ದ ಎಂಬ ಹಿರಿಯ ದೇವರಿದ್ದಾನೆ. ಕೈಯಲ್ಲಿ ದೊಣ್ಣೆ, ದೊಡ್ಡ ಹೊಟ್ಟೆ, ಮೈಗೆ ಸಾಲದಷ್ಟು ಗಿಡ್ಡ ಅಂಗಿ. ಶತ್ರುಗಳು ಅವನನ್ನು ಗೇಲಿ ಮಾಡಲೆಂದು ಹಾಲು, ಹಿಟ್ಟು, ಕೊಬ್ಬು ಹಾಕಿ ಗಂಜಿ ಕಾಯಿಸಿ, ಅದರಲ್ಲಿ ಇಡೀ ಆಡು, ಕುರಿ, ಹಂದಿ ಬಿಟ್ಟು, ನೆಲದ ಗುಂಡಿಗೆ ಸುರಿಯುತ್ತಾರೆ. ಪೂರ್ತಿ ಉಣ್ಣದಿದ್ದರೆ ಜೀವ ಉಳಿಯದು ಎನ್ನುತ್ತಾರೆ. ದಾಗ್ದ ಅಷ್ಟನ್ನೂ ಉಂಡು, ಗುಂಡಿಯ ತಳವನ್ನು ಬೆರಳಲ್ಲಿ ಬಳಿದು ನೆಕ್ಕಿ, ಅಲ್ಲೇ ನಿದ್ದೆ ಹೋಗುತ್ತಾನೆ. ಮುಂದೆ ಶತ್ರುಪಾಳೆಯದ ಹೆಣ್ಣೊಬ್ಬಳೊಂದಿಗೆ ಅವನ ಜಟಾಪಟಿ ಇನ್ನೂ ಒರಟು. ಅಲ್ಲಿನ ಮಾತುಗಳು ಸಭ್ಯರ ಕಿವಿಗೆ ತಕ್ಕವಲ್ಲ ಎಂದು ಸ್ಟೋಕ್ಸ್ ಕೆಲವು ಭಾಗ ಬಿಟ್ಟುಬಿಟ್ಟರು. ೧೯೦೪ರಲ್ಲಿ ಲೇಡಿ ಗ್ರೆಗರಿ ಇವೇ ದೇವರ ಕಥೆಗಳನ್ನು ಸೊಗಸಾದ ಇಂಗ್ಲಿಷಿನಲ್ಲಿ ಹೇಳಿ ಜಗತ್ತಿಗೆ ಪರಿಚಯಿಸಿದರು. ಅಲ್ಲಿಯೂ ಒರಟುತನಕ್ಕೆ ಜಾಗ ಕಡಿಮೆ. ಎಲಿಜಬೆತ್ ಗ್ರೇ ಅವರ ಪೂರ್ತಿ ಪಠ್ಯ ಮತ್ತು ಅನುವಾದ ಹೊರಬರಲು ೧೯೮೨ ಆಗಬೇಕಾಯಿತು. ತೊಂಬತ್ತು ವರ್ಷ ಇಂಗ್ಲಿಷ್ ಓದುಗರು ಸ್ನಾನ ಮಾಡಿಸಿ ಕೂರಿಸಿದ ದಾಗ್ದನನ್ನೇ ಕಂಡಿದ್ದರು.

ಕಲ್ಯಾಣದ ಜಂಗಮರು ಮಾಡಿದ್ದೂ ಇದನ್ನೇ ಅಲ್ಲವೇ? ನಾರುವ ದೇವರು ಅವರಿಗೂ ಬೇಕಿರಲಿಲ್ಲ.

ಐರ್ಲೆಂಡಿನ ಈ ಸಂಕಟವನ್ನು ಬಲ್ಲವರೊಬ್ಬರು ಮೈಸೂರಿಗೂ ಬಂದಿದ್ದರು. ಅವರು ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್. ಡಬ್ಲಿನ್ನಿನ ಹೊಸ ನಾಟಕ ಚಳವಳಿಯಲ್ಲಿ ಯೇಟ್ಸ್ ಮುಂತಾದವರ ಜೊತೆಗಿದ್ದು, ಹಳೆಯ ಐರಿಷ್ ಕಥೆಗಳನ್ನು ನಾಟಕ, ಕಾವ್ಯಗಳಿಗೆ ತಂದವರು. ಆದರೆ ಆ ಕಾವ್ಯದ ನುಡಿ ಇಂಗ್ಲಿಷ್. ಹತ್ತೊಂಬತ್ತನೇ ಶತಮಾನದ ಮಹಾಕ್ಷಾಮ ಮತ್ತು ವಲಸೆಯ ನಂತರ ಐರಿಷ್ ಆಡುವವರು ಪಶ್ಚಿಮದ ಕರಾವಳಿಯ ಅಂಚಿಗೆ ಸರಿದಿದ್ದರು. ೧೯೧೫ರಲ್ಲಿ ಭಾರತಕ್ಕೆ ಬಂದ ಕಸಿನ್ಸ್, ೧೯೨೪ರಲ್ಲಿ ಮೈಸೂರಿನಲ್ಲಿದ್ದಾಗ ಹತ್ತೊಂಬತ್ತರ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ. ಕಸಿನ್ಸ್ ಓದಿ ನೋಡಿ, ನಿಮ್ಮ ನುಡಿಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಕನ್ನಡಕ್ಕೆ ಅಂಥ ಶಕ್ತಿಯಿಲ್ಲ ಎಂಬ ಭಾವನೆ ಹುಡುಗನದು. ಯಾವ ನುಡಿಯೂ ಹುಟ್ಟಾ ಅಶಕ್ತವಲ್ಲ, ಸಮರ್ಥನು ಕೈಯಿಟ್ಟರೆ ಶಕ್ತಿ ತಾನೇ ಬರುತ್ತದೆ ಎಂಬ ಬುದ್ಧಿಮಾತು ಹಿರಿಯರದು. ಆ ಹುಡುಗ ಕುವೆಂಪು. ಮುಂದಿನದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ದೇವರುಗಳನ್ನು ಪರನುಡಿಯಲ್ಲಿ ಹಾಡಬೇಕಾಗಿ ಬಂದ ನಾಡಿನವರ ಬಾಯಲ್ಲಿ ಆ ಮಾತಿಗೆ ಬೇರೆಯೇ ತೂಕವಿತ್ತು.

ಮಂಟೇಸ್ವಾಮಿಗೆ ಅಂಥ ಗತಿ ಬಂದಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಅವನ ಮಠವಿದೆ. ಅವನ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿ ಪಾಂಚಾಳರಿಂದ ನಾನಾ ಪರೀಕ್ಷೆಗೆ ಗುರಿಯಾದ ಹಲಗೂರೂ ಅದೇ ತಾಲ್ಲೂಕಿನಲ್ಲಿದೆ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ಜಾತ್ರೆ ಸೇರುತ್ತದೆ, ಚಂದ್ರಮಂಡಲ ಉರಿಯುತ್ತದೆ. ಓದುಬರಹದ ಲೋಕವೂ ತಡವಾಗಿಯಾದರೂ ಕಣ್ಣು ತೆರೆಯಿತು. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರಾದ ಜೀ.ಶಂ. ಪರಮಶಿವಯ್ಯ ಈ ಸೀಮೆಯ ಹಾಡುಗಾರರನ್ನು ಹುಡುಕಿಕೊಂಡು ಹೋದರು. ಪಿ.ಕೆ. ರಾಜಶೇಖರರ ‘ಮಲೆಯ ಮಾದೇಶ್ವರ’ ೧೯೭೩ರಲ್ಲಿ ಬಂತು. ೧೯೯೭ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹೊರತಂದಿತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಾದೇಶ್ವರನ ಕಾವ್ಯ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರ ಇಂಗ್ಲಿಷ್ ಅನುವಾದದಲ್ಲಿ ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟವಾಯಿತು. ಅನುವಾದಕರ ಹೆಸರಿನ ಜೊತೆ ಹಾಡಿದವರ ಹೆಸರೂ ಇದೆ. ಲೂಗ್‌ನ ಕಥೆಯನ್ನು ಮೊದಲು ಹೇಳಿದ ಪುಣ್ಯಾತ್ಮನ ಹೆಸರು ಯಾರಿಗೆ ಗೊತ್ತು?

ಇದು ಸಣ್ಣ ವ್ಯತ್ಯಾಸವಲ್ಲ. ಪುಸ್ತಕದಲ್ಲಿ ಒಂದು ಮಾತು ಸಂಶಯವಾದರೆ ಹಾಡುವವರನ್ನೇ ಹೋಗಿ ಕೇಳಬಹುದು. ಒಬ್ಬ ನೀಲಗಾರ ಹಾಡಿದಂತೆ ಇನ್ನೊಬ್ಬ ಹಾಡುವುದಿಲ್ಲ. ಕೂತು ಕೇಳುವವರನ್ನು ನೋಡಿ ಹಾಡು ಹಿಗ್ಗುತ್ತದೆ, ಕುಗ್ಗುತ್ತದೆ. ಅಚ್ಚಾದದ್ದು ಒಂದು ರಾತ್ರಿಯ ಹಾಡು ಮಾತ್ರ. ಅದೇ ಪೂರ್ತಿ ಕಾವ್ಯ ಎಂದು ನಂಬಿದ ದಿನ, ಹೆಂಡದ ಗಡಿಗೆಯನ್ನು ನಾಜೂಕಾಗಿ ಪಕ್ಕಕ್ಕಿಟ್ಟ ದಿನ, ನಮ್ಮ ಸ್ವಾಮಿಗೂ ಸ್ನಾನವಾದಂತೆಯೇ.

ಐರ್ಲೆಂಡಿನವರು ತಮ್ಮ ನಷ್ಟದಿಂದ ಒಂದು ಪಾಠ ಕಲಿತರು. ಸ್ವತಂತ್ರರಾದ ಮೇಲೆ, ೧೯೩೭ರಿಂದ ಸುಮಾರು ಎರಡು ವರ್ಷ, ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಗೆ ಹೋಗಿ ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದ ಕಥೆ, ಹಾಡು, ಮದ್ದು, ಗಾದೆ ಕೇಳಿ ಬರೆದುಕೊಂಡು ಬನ್ನಿ. ನೋಟುಪುಸ್ತಕಗಳೂ ಅವುಗಳ ನಕಲುಗಳೂ ಸೇರಿ ೭ ಲಕ್ಷ ೪೦ ಸಾವಿರ ಪುಟವಾಯಿತು. ಮಕ್ಕಳು ಸಭ್ಯತೆಯ ಜರಡಿ ಹಿಡಿದು ಹೋಗಲಿಲ್ಲ. ಕೇಳಿದ್ದನ್ನು ಕೇಳಿದಂತೆ ಬರೆದರು.

ಹನಕೆರೆಯ ಶಾಲೆಯ ಹುಡುಗಿಯೊಬ್ಬಳು ಒಂದು ಸಂಜೆ ಪುಸ್ತಕ, ಪೆನ್ಸಿಲ್ ಹಿಡಿದು ಅಜ್ಜನ ಪಕ್ಕ ಕೂತರೆ ಇಲ್ಲೂ ಅದು ಆದೀತು. ಆಕೆಗೆ ಬವೇರಿಯದ ಪಂಡಿತರು ಬೇಡ, ಪುಸ್ತಕದ ಅಂಚಿನ ಟಿಪ್ಪಣಿ ಬೇಡ. ಕಷ್ಟವಾದ ಪದ ಬಂದರೆ ಬರೆಯುವುದನ್ನು ನಿಲ್ಲಿಸಿ, ‘ತಾತ, ಹಂಗಂದ್ರೇನು?’ ಎಂದರೆ ಸಾಕು. ಉತ್ತರ ಹೇಳುವ ತಾತ ಇನ್ನೂ ಜಗಲಿಯ ಮೇಲೇ ಇದ್ದಾನೆ.