ಅಳೆದುದನ್ನು ಹೇಳಲಿಕ್ಕೂ ಅಪ್ಪಣೆ ಬೇಕೆ?

1983ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಮತ್ತು ಸಂಗಡಿಗರು ಹಲವು ಡೇಟಾಬೇಸ್‌ಗಳನ್ನು ಒಂದೇ ವೇಗ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು ಹೆಸರು ಸಮೇತ ಪ್ರಕಟಿಸಿದರು. ಹಿಂದೆ ಬಿದ್ದವುಗಳಲ್ಲಿ ಆರೇಕಲ್ ಕೂಡ ಇತ್ತು. ಕಂಪನಿ ತನ್ನ ಪರವಾನಗಿ ಕರಾರಿಗೆ ಒಂದು ಸಾಲು ಸೇರಿಸಿತು: ನಮ್ಮ ಒಪ್ಪಿಗೆಯಿಲ್ಲದೆ ಇಂಥ ಫಲಿತಾಂಶ ಪ್ರಕಟಿಸುವಂತಿಲ್ಲ. 'ಡಿವಿಟ್ ಷರತ್ತು' ಎಂದೇ ಹೆಸರಾದ ಇದು ಮೈಕ್ರೊಸಾಫ್ಟ್‌ನಂಥ ಕಂಪನಿಗಳ ಕರಾರಿಗೂ ಹಬ್ಬಿತು. ದುಡ್ಡು ಕೊಟ್ಟು ಕೊಂಡವರ ಬಾಯಿ ಕಟ್ಟುವ ಈ ಷರತ್ತು ಹೋಗಬೇಕು.

ಅರೆಬರೆ ಪರೀಕ್ಷೆಗಳು ಉತ್ಪನ್ನದ ಹೆಸರು ಕೆಡಿಸುತ್ತವೆ ಎಂಬ ಕಂಪನಿಗಳ ದೂರಿನಲ್ಲಿ ಹುರುಳಿಲ್ಲದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಹಾಗೇ ಸ್ಥಾಪಿಸಿದರೆ, ಸರ್ವರ್ ಎಷ್ಟೇ ದೊಡ್ಡದಿರಲಿ, ಅದು ದತ್ತಾಂಶದ ಬಫರ್‌ಗೆಂದು ಸಾಮಾನ್ಯವಾಗಿ 128 ಎಂಬಿ ಮೆಮೊರಿ ಮಾತ್ರ ತೆಗೆದುಕೊಳ್ಳುತ್ತದೆ. ಅದನ್ನು ಹದಗೊಳಿಸಿದ ಎದುರಾಳಿಯ ಜೊತೆ ಓಡಿಸಿ ಸೋಲಿಸುವುದು ಸುಲಭ. ಇದಕ್ಕಿಂತಲೂ ಕಣ್ಣಿಗೆ ಬೀಳದ ಮೋಸ ದಾಖಲೆ ಉಳಿಯುವ ಖಾತರಿಯದು. ದಾಖಲೆ ಡಿಸ್ಕ್ ಮುಟ್ಟುವ ಮೊದಲೇ 'ಆಯಿತು' ಎನ್ನುವಂತೆ ಹೊಂದಿಸಿದರೆ ಅದೇ ತಂತ್ರಾಂಶ ಚುರುಕಾಗುತ್ತದೆ, ಆದರೆ ಆ ಕ್ಷಣದಲ್ಲಿ ಕರೆಂಟು ಹೋದರೆ ಕೊನೆಯ ವಹಿವಾಟುಗಳೂ ಹೋಗುತ್ತವೆ. 2012ರವರೆಗೆ ಮೊಂಗೊಡಿಬಿ ಎಂಬ ಡೇಟಾಬೇಸಿಗೆ ಅಪ್ಲಿಕೇಶನ್‌ಗಳನ್ನು ಜೋಡಿಸುವ ಡ್ರೈವರ್‌ಗಳು, ನಾವಾಗಿ ಹೇಳದ ಹೊರತು, ಸರ್ವರಿನ ಉತ್ತರಕ್ಕೇ ಕಾಯುತ್ತಿರಲಿಲ್ಲ. ಬ್ಯಾಂಕಿನ ಲೆಕ್ಕಕ್ಕೆ ಅಂಥ ವೇಗ ಯಾರಿಗೆ ಬೇಕು?

ಆದರೆ ಕಂಪನಿಗಳೇ ಅಳೆದರೆ ನ್ಯಾಯ ಸಿಗುತ್ತದೆಯೇ? 1988ರಲ್ಲಿ ಹುಟ್ಟಿದ ಟಿಪಿಸಿ ಎಂಬ ಉದ್ಯಮ ಮಂಡಳಿ ಲೆಕ್ಕಪರಿಶೋಧಕರಿಗೆ ಮಾನ್ಯತೆ ಕೊಟ್ಟು, ಯಂತ್ರ, ಹೊಂದಾಣಿಕೆ, ಬೆಲೆ ಎಲ್ಲವನ್ನೂ ಬಹಿರಂಗಪಡಿಸಬೇಕೆಂದಿತು. ಅಲ್ಲೂ, ಪರೀಕ್ಷೆಯಲ್ಲಿ ಗೆಲ್ಲಲೆಂದೇ ಆರೇಕಲ್ ಒಂದು ಸೌಲಭ್ಯ ಸೇರಿಸಿದೆ ಎಂಬ ಆರೋಪ 1993ರಲ್ಲಿ ಬಂತು. ಬಳಿಕ ಮಂಡಳಿ ಅಂಥ ಕೈಚಳಕವನ್ನು ನಿಷೇಧಿಸಿತು. ಗಮನಿಸಿ, ತಪ್ಪು ತಿದ್ದಿಕೊಂಡದ್ದು ಹೊರಗಿನವರು ಬಾಯಿ ಬಿಟ್ಟ ಮೇಲೆ. 2021ರಲ್ಲಿ ಡೇಟಾಬ್ರಿಕ್ಸ್ ಮತ್ತು ಸ್ನೋಫ್ಲೇಕ್ ಎಂಬ ಎದುರಾಳಿ ಕಂಪನಿಗಳು ಒಂದೇ ಪರೀಕ್ಷೆಯ ತದ್ವಿರುದ್ಧ ಅಂಕಿಗಳನ್ನು ಹಿಡಿದು ಬಹಿರಂಗವಾಗಿ ಕಚ್ಚಾಡಿದವು. ಜಗಳ ಚೆಂದವಿರಲಿಲ್ಲ, ಆದರೆ ಯಾವ ದತ್ತಾಂಶ, ಯಾವ ದರ ಎಂಬುದು ಓದುಗರಿಗೆ ತಿಳಿದದ್ದು ಅದರಿಂದಲೇ. ಡೇಟಾಬ್ರಿಕ್ಸ್ ಆಗಲೇ ಡಿವಿಟ್ ಷರತ್ತನ್ನು ಕೈಬಿಟ್ಟಿತು. ಕೆಟ್ಟ ಪರೀಕ್ಷೆಯನ್ನು ಮತ್ತೆ ಮಾಡಿ ತೋರಿಸಬಹುದು, ಮುಚ್ಚಿಟ್ಟದ್ದನ್ನು ತಿದ್ದುವವರಾರು? ತೆರಿಗೆದಾರರ ದುಡ್ಡಿನಲ್ಲಿ ಡೇಟಾಬೇಸ್ ಕೊಳ್ಳುವ ಸರ್ಕಾರಿ ಇಲಾಖೆಗಳು ಸಹಿ ಹಾಕುವ ಮುನ್ನ ಈ ಸಾಲನ್ನು ಹೊಡೆದುಹಾಕಿಸಲಿ.