ಗುಂಡಿ ತಿರುಗಿಸುವ ಕಂಪ್ಯೂಟರ್

ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ರಾತ್ರಿ ಶಾರ್ಟ್‌ವೇವ್ ನಿಲಯ ಹಿಡಿಯಬೇಕೆಂದರೆ ರೇಡಿಯೊ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಈ ಕೆಲಸವನ್ನು ಕಂಪ್ಯೂಟರ್ ಮಾಡಬಲ್ಲದು. ಅದಕ್ಕೆ ರಿಸೀವರಿನ ಹಿಂಬದಿಯಲ್ಲಿ ಕಂಪ್ಯೂಟರ್ ತಂತಿ ಸಿಕ್ಕಿಸುವ ಕಿಂಡಿ ಇರಬೇಕು. ಸಣ್ಣ ಜೇಬುರೇಡಿಯೊಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ತಂತ್ರಾಂಶ ಒಂದು ಸಂಖ್ಯೆ ಕಳಿಸಿದರೆ ರಿಸೀವರ್ ಆ ಕಂಪನಾಂಕಕ್ಕೆ ಹೊರಳುತ್ತದೆ. 2000ದಲ್ಲಿ ಆರಂಭವಾದ ‘ಹ್ಯಾಮ್‌ಲಿಬ್’ ಇಂಥದೊಂದು ಉಚಿತ ತಂತ್ರಾಂಶ.

ಲಾಭವೇನು? 49 ಮೀಟರ್ ಬ್ಯಾಂಡಿನಲ್ಲಿ 5900ರಿಂದ 6200 ಕಿಲೊಹರ್ಟ್ಸ್‌ವರೆಗೆ, 5 ಕಿಲೊಹರ್ಟ್ಸ್‌ಗೆ ಒಂದರಂತೆ 61 ಸ್ಥಾನಗಳಿವೆ. ಒಂದೊಂದರಲ್ಲಿ ಒಂದು ಸೆಕೆಂಡ್ ನಿಂತರೂ ಸುಮಾರು ಒಂದು ನಿಮಿಷದಲ್ಲಿ ಎಲ್ಲೆಲ್ಲಿ ಸಂಕೇತ ಗಟ್ಟಿಯಾಗಿದೆ ಎಂಬ ಪಟ್ಟಿ ಸಿದ್ಧ. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ಬಿಟ್ಟಿತು. ನಿಲಯಗಳು ಹೀಗೆ ಮೌನವಾಗುತ್ತಿರುವಾಗ, ಉಳಿದದ್ದು ಯಾವುದೆಂದು ದಿನವೂ ದಾಖಲಿಸುವುದೇ ಇದರ ದೊಡ್ಡ ಉಪಯೋಗ.

ಒಂದು ತೊಡಕುಂಟು. ಗುಂಡಿ ತಿರುಗಿಸುವ ಕಂಪ್ಯೂಟರೇ ಗದ್ದಲವನ್ನೂ ಎಬ್ಬಿಸುತ್ತದೆ. ಅದರ ಅಡಾಪ್ಟರ್, ಮನೆಯ ಎಲ್‌ಇಡಿ ದೀಪ ಎರಡೂ ರೇಡಿಯೊದಲ್ಲಿ ಗುಂಯ್‌ಗುಡುತ್ತವೆ. ಏರಿಯಲ್ ತಂತಿಯನ್ನು ಮನೆಯಿಂದ ದೂರ ಎಳೆಯಿರಿ; ವಿದ್ಯುತ್ ತಂತಿಯ ಹತ್ತಿರಕ್ಕೂ ಒಯ್ಯಬೇಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ. ಊರಿಗೆ ಊರೇ ಕರೆಂಟಿಲ್ಲದ ರಾತ್ರಿ, ರೇಡಿಯೊ ಕೇಳುವವರಿಗೆ ಅದೇ ಸುಗ್ಗಿ!