ಮೆಮೊರಿಯಲ್ಲಿ ಮಡಗಿದ್ದು, ಡಿಸ್ಕಿಗೆ ಇಳಿಯದ್ದು

ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ತಂಗಿಯ ಮಗಳ ಲಗ್ನಪತ್ರಿಕೆ ಟೈಪ್ ಮಾಡಿಸಿದ್ದೆ. ಹಳೇ ಕಂಪ್ಯೂಟರು, ಯಾರೋ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ಕಾಪಿಯ ಹಸಿರು ಪಟ್ಟಿ ಸರ್ರನೆ ಕೊನೆ ಮುಟ್ಟಿತು. ಹೊರಗೆ ಚಾಮರಾಜನಗರದ ಬಸ್ಸು ಹಾರನ್ ಹೊಡೆಯುತ್ತಿತ್ತು. ಪೆನ್‌ಡ್ರೈವ್ ಕಿತ್ತುಕೊಂಡು ಓಡಿದೆ. ಅದರ ದೀಪ ಇನ್ನೂ ಮಿಣುಕುತ್ತಿದ್ದುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಚಾಮರಾಜನಗರದ ಪ್ರೆಸ್ಸಿನಲ್ಲಿ ತೆರೆದರೆ ಫೈಲಿನ ಹೆಸರಿದೆ, ಒಳಗೆ ಸೊನ್ನೆ ಬೈಟು. ಅಂಗಡಿಗೆ ಫೋನ್ ಮಾಡಿದೆ. "ನಾನೇನ್ ಮಾಡ್ಲಿ ಸಾ, ಅದು ಮೊದ್ಲು ಮೆಮೊರೀಲಿ ಮಡಗ್ತದೆ, ಪೆನ್‌ಡ್ರೈವ್‌ಗೆ ಆಮೇಲೆ ಹಾಕ್ತದೆ" ಅಂದ ಹುಡುಗ.

‘ಮಡಗು’ ನಮ್ಮ ಸೀಮೆಯ ಮಾತು. ಬಫರ್ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಸಿಕ್ಕಿಲ್ಲ.

ತೆರಕಣಾಂಬಿಯ ತರಕಾರಿ ಮಾರುಕಟ್ಟೆ ನೋಡಿದವರಿಗೆ ಇದರ ಲೆಕ್ಕ ಹೊಸದಲ್ಲ. ಒಂದು ಮೂಟೆ ಕೋಸು ಬಂದ ಕೂಡಲೇ ಲಾರಿ ಹೊರಡುವುದಿಲ್ಲ. ಲೋಡ್ ತುಂಬಿದರೇ ಬಾಡಿಗೆ ಗಿಟ್ಟುವುದು. ಆದರೆ ಬಂಡೀಪುರದ ಕಾಡುರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಇನ್ನೆರಡು ಮೂಟೆ ಬರಲಿ ಎಂದು ಕಾದು ಒಂಬತ್ತು ದಾಟಿಸಿದವನ ಮಾಲು ಮದ್ದೂರು ಚೆಕ್‌ಪೋಸ್ಟಿನಲ್ಲೇ ಬೆಳಗು ಕಾಣಬೇಕು. ಲಿನಕ್ಸಿನ ತಿರುಳಾದ ಕರ್ನಲ್ಲೂ ಹೀಗೇ ಕಾಯುತ್ತದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು, ಮಡಗಿ 30 ಸೆಕೆಂಡು ದಾಟಿದ್ದನ್ನು ಡಿಸ್ಕಿಗೆ ಇಳಿಸುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ, ಕೋಸಿನಂತೆ ಬೆಳಗಿನವರೆಗೆ ಉಳಿಯುವ ಮಾಲೂ ಅಲ್ಲ ಅದು.

ಹಾಗಾದರೆ ಬರೆದದ್ದನ್ನು ಆಗಿಂದಾಗಲೇ ಇಳಿಸಬಾರದೇ? ಇಳಿಸಬಹುದು, ‘ಎಫ್‌ಸಿಂಕ್’ ಎಂಬ ಕರೆ ಇರುವುದೇ ಅದಕ್ಕೆ. ಆದರೆ ಸಾಲುಸಾಲಿಗೂ ಅದನ್ನು ಕರೆದರೆ ಹಳೇ ಹಾರ್ಡ್ ಡಿಸ್ಕ್ ತೆವಳುತ್ತದೆ, ಪೆನ್‌ಡ್ರೈವ್ ಬೇಗ ಸವೆಯುತ್ತದೆ. ತಡಮಾಡುವುದರಲ್ಲಿ ಇನ್ನೊಂದು ಲಾಭವೂ ಉಂಟು: ಫೈಲಿನ ಪೂರ್ತಿ ಗಾತ್ರ ತಿಳಿದ ಮೇಲೆ ಒಂದೇ ಕಡೆ ಜಾಗ ಕೊಡಬಹುದು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕೋಡಿಗೆ ಫೈಲ್ ಸಿಸ್ಟಂ ಎನ್ನುತ್ತಾರೆ; 2008ರಲ್ಲಿ ಬಂದ ಇಎಕ್ಸ್‌ಟಿ4 ಫೈಲ್ ಸಿಸ್ಟಂ ನೆಚ್ಚಿದ್ದು ಇದನ್ನೇ. (ಅದರ ಬಗ್ಗೆ 2007ರಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಕೂಡ ಒಬ್ಬರು.) 2009ರಲ್ಲಿ ಜಗಳ ಎದ್ದಿತು. ಯಂತ್ರ ಹಠಾತ್ತನೆ ನಿಂತ ಮೇಲೆ ಫೈಲುಗಳು ಸೊನ್ನೆ ಬೈಟಾಗಿವೆ ಎಂದು ಉಬುಂಟು ಬಳಸುವವರು ದೂರಿದರು. ಎಫ್‌ಸಿಂಕ್ ಕರೆಯದ ಅಪ್ಲಿಕೇಶನ್‌ಗಳದ್ದೇ ತಪ್ಪು ಎಂದರು ಇಎಕ್ಸ್‌ಟಿ4 ನೋಡಿಕೊಳ್ಳುವ ಥಿಯೊಡೋರ್ ತ್ಸೋ. ನಿಯಮ ಅವರ ಕಡೆಗಿತ್ತು. ಆದರೆ ಹಿಂದಿನ ಇಎಕ್ಸ್‌ಟಿ3 ಐದೇ ಸೆಕೆಂಡಿಗೆ ಬರೆದು ಜನರಿಗೆ ರೂಢಿ ಮಾಡಿಸಿತ್ತು, ರೂಢಿಯೂ ಒಂದು ಬಗೆಯ ಕರಾರೇ ಅಲ್ಲವೇ? ಕೊನೆಗೆ, ಹಳೇ ಫೈಲಿನ ಜಾಗದಲ್ಲಿ ಹೊಸದನ್ನು ಕೂರಿಸುವಾಗ ತಡಮಾಡದೆ ಬರೆಯುವ ಏರ್ಪಾಡನ್ನು ತ್ಸೋ ಅವರೇ ಸೇರಿಸಿದರು. ವಾದದಲ್ಲಿ ಗೆದ್ದವರು ಕೋಡಿನಲ್ಲಿ ಬಗ್ಗಿದರು ಅನ್ನಿ.

ಇನ್ನು ಈ ಮಡಗುವ ಕೋಡನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಪಾಡು. ಲಿನಕ್ಸಿನಲ್ಲಿ ಮೆಮೊರಿಗೆ ತಂದ ಡಿಸ್ಕಿನ ಒಂದೊಂದು ಬ್ಲಾಕಿಗೂ ‘ಬಫರ್ ಹೆಡ್’ ಎಂಬ ಚೀಟಿ: ಯಾವ ಬ್ಲಾಕು, ಬರೆದಾಯಿತೇ, ಬಾಕಿಯೇ. ಬ್ಲಾಕು 1024 ಬೈಟಿನದಾದರೆ ಮೆಮೊರಿಯ 4096 ಬೈಟಿನ ಪುಟವೊಂದಕ್ಕೇ ನಾಲ್ಕು ಚೀಟಿ. ಒಂದು ಕಾಲಕ್ಕೆ ಓದುವುದು ಪೇಜ್ ಕ್ಯಾಶ್‌ನಿಂದ, ಬರೆಯುವುದು ಬಫರ್ ಕ್ಯಾಶ್ ಮೂಲಕ. ಒಂದೇ ಮಾಲಿಗೆ ಎರಡು ಗೋದಾಮು, ಎರಡರ ಲೆಕ್ಕವೂ ತಾಳೆಯಾಗುತ್ತಿರಬೇಕು. 2001ರ 2.4ನೇ ಆವೃತ್ತಿಯಲ್ಲಿ ಗೋದಾಮು ಒಂದಾಯಿತು, ಚೀಟಿ ಉಳಿಯಿತು. ಮೆಮೊರಿ ಗಿಗಾಬೈಟುಗಟ್ಟಲೆ ಬೆಳೆದ ಮೇಲೆ ಚೀಟಿ ಬರೆಯುವುದೇ ಭಾರವಾಯಿತು. ಹಲವು ಪುಟಗಳನ್ನು ಒಂದು ಕಟ್ಟಾಗಿ ನೋಡುವ ‘ಫೋಲಿಯೊ’ 2022ರಲ್ಲಿ ಬಂತು. ಬಫರ್ ಹೆಡ್ ಇಲ್ಲದೆಯೇ ಕರ್ನಲ್ ಕಟ್ಟುವ ಅವಕಾಶ 2023ರಲ್ಲಿ ಸಿಕ್ಕಿತು.

ತೊಡಕು ಇಲ್ಲಿದೆ. ಒಳಗಿನ ಪದ್ಧತಿ ಬದಲಾದಾಗ ಅದನ್ನು ನಂಬಿದ ಹತ್ತಾರು ಫೈಲ್ ಸಿಸ್ಟಂಗಳ ಕೋಡನ್ನೂ ತಿದ್ದಬೇಕು. ಅವುಗಳಲ್ಲಿ ಕೆಲವನ್ನು ಪರೀಕ್ಷಿಸುವವರೇ ಇಲ್ಲ. ಯಾರೂ ಓಡಿಸಿ ನೋಡದ ಕೋಡು ಕರ್ನಲ್ಲಿನಲ್ಲಿದ್ದರೆ, ಕೆಟ್ಟ ಡಿಸ್ಕ್ ಚುಚ್ಚಿ ಯಂತ್ರವನ್ನೇ ಕೆಡಿಸುವವರಿಗೆ ಅದು ಹಿತ್ತಿಲ ಬಾಗಿಲು. ಕಿತ್ತುಹಾಕಿ ಎನ್ನುವವರ ವಾದ ಇದು. ಇಪ್ಪತ್ತು ವರ್ಷ ಓಡಿದ ಕೋಡಿನ ಹುಳುಕು ಎಲ್ಲಿದೆಯೆಂದು ಗೊತ್ತು, ತಿದ್ದಲು ಹೋದರೆ ಹೊಸ ಹುಳುಕು ಸೇರುತ್ತದೆ, ಹಳೇ ಡಿಸ್ಕಿನಲ್ಲಿ ಜನರ ಬದುಕೇ ಇದೆ, ಮುಟ್ಟಬೇಡಿ. ಇದು ಎದುರಿನವರದು. ಎರಡೂ ಸುಳ್ಳಲ್ಲ.

ನನಗೆ ಸರಿಯೆನಿಸಿದ ಮಾದರಿ ಇಎಕ್ಸ್‌ಟಿ3ದು. 2015ರಲ್ಲಿ ಅದರ ಕೋಡನ್ನು ತೆಗೆದರು. ಹಳೇ ಡಿಸ್ಕುಗಳನ್ನು ಇಎಕ್ಸ್‌ಟಿ4ರ ಕೋಡೇ ಓದುತ್ತದೆ, ಯಾರಿಗೂ ತಿಳಿಯಲೇ ಇಲ್ಲ. ರೈಸರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೆ ಆ ಭಾಗ್ಯ ಇರಲಿಲ್ಲ. 2001ರಲ್ಲಿ ಸೇರಿದ ಅದಕ್ಕೆ 2022ರಲ್ಲಿ ನೋಟಿಸು ಕೊಟ್ಟು, 2025ರ ಜನವರಿಯ 6.13ನೇ ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಿದರು. ಅದರ ತಾರೀಖಿನ ಲೆಕ್ಕ ಹೇಗಿದ್ದರೂ 2038ಕ್ಕೆ ಮುಗಿಯುತ್ತಿತ್ತು. ಸುಮಾರು ಮೂರು ವರ್ಷದ ಗಡುವು ಕಡಿಮೆಯೇನಲ್ಲ, ತೆಗೆದದ್ದೂ ತಪ್ಪಲ್ಲ. ಆದರೆ ನೋಟಿಸು ಕರ್ನಲ್ ಲಾಗಿನಲ್ಲಿ ಬಿದ್ದಿದ್ದರೆ ಡಿಟಿಪಿ ಅಂಗಡಿಯ ಹುಡುಗ ಅದನ್ನು ಯಾವಾಗ ಓದಬೇಕು?

ತಡಮಾಡಿ ಬರೆಯುವ ವಿಷಯದಲ್ಲೂ ನನ್ನ ತೀರ್ಪು ಇಷ್ಟೇ: ಯಂತ್ರದೊಳಗಿನ ಡಿಸ್ಕಿಗೆ ಕಾಯುವುದು ಸರಿ, ಕಿತ್ತುಕೊಂಡು ಹೋಗುವ ಪೆನ್‌ಡ್ರೈವ್‌ಗೆ ಸರಿಯಲ್ಲ. ಇಳಿಯದೇ ಇರುವುದನ್ನು ಇಳಿಯಿತು ಎಂದು ಪರದೆ ತೋರಿಸುವುದಂತೂ ಯಾವ ಲೆಕ್ಕದಲ್ಲೂ ಒಪ್ಪುವಂಥದ್ದಲ್ಲ. ಅದು ಸರಿಹೋಗುವ ತನಕ, ಪೆನ್‌ಡ್ರೈವ್ ಕೀಳುವ ಮೊದಲು ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂದು ಬರುವವರೆಗೆ ಕಾಯಿರಿ. ಚಾಮರಾಜನಗರಕ್ಕೆ ಇನ್ನೊಂದು ಬಸ್ಸು ಹೇಗೂ ಬರುತ್ತದೆ.